ನವೋದಯ, ಸೈನಿಕ, ಶ್ರೇಷ್ಠ: ಯಾವ ಮಗುವಿಗೆ ಯಾವ ಪರೀಕ್ಷೆ?

ಖಾಸಗಿ ವಸತಿ ಶಾಲೆಯ ಫೀಸು ಕೈಗೆಟುಕದ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಹೆಸರು ಮೂರು: ನವೋದಯ, ಸೈನಿಕ ಶಾಲೆ, ಮತ್ತು ಪರಿಶಿಷ್ಟ ಜಾತಿಯ ಮಕ್ಕಳನ್ನು ಖಾಸಗಿ ವಸತಿ ಶಾಲೆಯಲ್ಲಿ ಓದಿಸುವ ಕೇಂದ್ರದ ಯೋಜನೆ ಶ್ರೇಷ್ಠ. ಮೂರಕ್ಕೂ ಒಂದೇ ಗೈಡ್ ಸಾಕು ಎಂದು ಮಾರುವವರಿದ್ದಾರೆ. ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿ ನೋಡಿ, ಮೊದಲ ಅರ್ಧ ಗಂಟೆಯಲ್ಲೇ ಆ ಮಾತು ಸುಳ್ಳೆಂದು ಗೊತ್ತಾಗುತ್ತದೆ.

ಮೊದಲು ಆರನೇ ತರಗತಿ. ನವೋದಯದಲ್ಲಿ 80 ಪ್ರಶ್ನೆ, 100 ಅಂಕ, 2 ಗಂಟೆ. ಸೈನಿಕದಲ್ಲಿ 125 ಪ್ರಶ್ನೆ, 300 ಅಂಕ, ಎರಡೂವರೆ ಗಂಟೆ. ಅಂದರೆ ನವೋದಯದಲ್ಲಿ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಸಿಗುತ್ತದೆ, ಸೈನಿಕದಲ್ಲಿ 72 ಸೆಕೆಂಡು. ಅದಕ್ಕಿಂತ ಮುಖ್ಯವಾದದ್ದು ಅಂಕಗಳು ಎಲ್ಲಿ ಕೂತಿವೆ ಎಂಬುದು. ನವೋದಯದಲ್ಲಿ ಅರ್ಧ ಅಂಕ, ಅಂದರೆ 40 ಪ್ರಶ್ನೆಗೆ 50, ಬರೀ ಚಿತ್ರ ನೋಡಿ ಉತ್ತರಿಸುವ ಬುದ್ಧಿಶಕ್ತಿ ಪ್ರಶ್ನೆಗಳಿಗೆ. ಗಣಿತಕ್ಕೆ 25, ಭಾಷೆಗೆ 25. ಸೈನಿಕದಲ್ಲಿ ಅರ್ಧ ಅಂಕ ಗಣಿತಕ್ಕೇ: 50 ಪ್ರಶ್ನೆಗೆ 150. ಭಾಷೆ, ಬುದ್ಧಿಶಕ್ತಿ, ಸಾಮಾನ್ಯ ಜ್ಞಾನಕ್ಕೆ ತಲಾ 50.

ಹಾಗಾಗಿ ಮಗ್ಗಿ ಸರಾಗವಾಗಿ ಬಾರದಿದ್ದರೂ ಆಕಾರಗಳನ್ನು ಕಣ್ಣಲ್ಲೇ ತಿರುಗಿಸಿ ನೋಡಬಲ್ಲ ಮಗು ನವೋದಯದಲ್ಲಿ ಮುಂದೆ ಬರುತ್ತದೆ. ಚಿತ್ರದ ವಿಭಾಗದಲ್ಲಿ 10 ಬಗೆ, ಬಗೆಗೆ 4 ಪ್ರಶ್ನೆ. ಮಕ್ಕಳು ಹೆಚ್ಚು ತಪ್ಪುವುದು ಕಾಗದ ಮಡಚಿ ತೂತು ಹೊಡೆಯುವ ಪ್ರಶ್ನೆಯಲ್ಲಿ. ಎರಡು ಸಲ ಮಡಚಿ ಒಂದು ತೂತು ಹೊಡೆದರೆ ಬಿಚ್ಚಿದಾಗ ನಾಲ್ಕು ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ನಾಲ್ಕು ತೂತಿರುವ ಆಯ್ಕೆ ಒಂದೇ ಇರುವುದಿಲ್ಲ. ತೂತು ಮಡಿಕೆಯ ಹತ್ತಿರವೋ, ಅಂಚಿನ ಹತ್ತಿರವೋ ಎಂಬುದೇ ಅಲ್ಲಿನ ಪ್ರಶ್ನೆ. ಮಡಿಕೆಯ ಹತ್ತಿರ ಹೊಡೆದರೆ ತೂತುಗಳು ಹಾಳೆಯ ನಡುವೆ ಗುಂಪಾಗುತ್ತವೆ, ಅಂಚಿನ ಹತ್ತಿರವಾದರೆ ಮೂಲೆಗೆ ಚದುರುತ್ತವೆ. ಇದಕ್ಕೆ ಗೈಡ್ ಬೇಡ. ಹಳೇ ಕ್ಯಾಲೆಂಡರ್ ಹಾಳೆ ಮಡಚಿ, ಪೆನ್ನಿನ ತುದಿಯಿಂದ ಚುಚ್ಚಿ, ಬಿಚ್ಚುವ ಮೊದಲು ತೂತು ಎಲ್ಲೆಲ್ಲಿ ಬರುತ್ತದೆಂದು ಮಗುವಿನಿಂದ ಹೇಳಿಸಿ. ದಿನಕ್ಕೆ ಐದು ಹಾಳೆ ಸಾಕು.

ಸೈನಿಕದ ಗಣಿತ ಬೇರೆ ಥರ ಕೆಡವುತ್ತದೆ. ಒಂದು ಮಾದರಿ: ವಸ್ತುವನ್ನು 540 ರೂಪಾಯಿಗೆ ಮಾರಿದಾಗ ಶೇ. 10 ನಷ್ಟ, ಶೇ. 10 ಲಾಭ ಬರಬೇಕಾದರೆ ಎಷ್ಟಕ್ಕೆ ಮಾರಬೇಕು? ಅವಸರದ ಮಗು 540ಕ್ಕೆ ಶೇ. 20 ಸೇರಿಸಿ 648 ಎನ್ನುತ್ತದೆ. ಲಾಭ ನಷ್ಟ ಎರಡೂ ಕೊಂಡ ಬೆಲೆಯ ಮೇಲೆ ಎಂಬುದು ನೆನಪಿದ್ದರೆ ಮೊದಲು 600 ಬರುತ್ತದೆ, ಆಮೇಲೆ 660. ಇಷ್ಟನ್ನೂ 72 ಸೆಕೆಂಡಿನಲ್ಲಿ ಮಾಡಬೇಕು. ಇಲ್ಲಿ ಇನ್ನೊಂದು ಕತ್ತರಿಯೂ ಇದೆ: ಎಸ್‌ಸಿ, ಎಸ್‌ಟಿ ಬಿಟ್ಟು ಉಳಿದವರಿಗೆ ಪ್ರತಿ ವಿಭಾಗದಲ್ಲೂ ಶೇ. 25, ಒಟ್ಟಾರೆ ಶೇ. 40 ಬರಲೇಬೇಕು. ಗಣಿತದಲ್ಲಿ ಎಷ್ಟೇ ತೆಗೆದರೂ ಸಾಮಾನ್ಯ ಜ್ಞಾನದಲ್ಲಿ ಮುಗ್ಗರಿಸಿದರೆ ಪಟ್ಟಿಯಲ್ಲಿ ಹೆಸರಿಲ್ಲ.

ಎರಡನ್ನೂ ಕನ್ನಡದಲ್ಲಿ ಬರೆಯಬಹುದು, ಆದರೆ ಅರ್ಜಿಯಲ್ಲಿ ಮಾಧ್ಯಮ ಆರಿಸುವಾಗ ಎಡವಬೇಡಿ. ಮನೆಮಾತು ಕನ್ನಡ ಎಂದು ಇಂಗ್ಲಿಷ್ ಮಾಧ್ಯಮದ ಮಗುವಿಗೆ ಕನ್ನಡ ಹಾಕಿಸಿದರೆ ಅಂಶ, ಛೇದ, ಸುತ್ತಳತೆ, ಲ.ಸಾ.ಅ. ಎಂಬ ಪದಗಳೇ ಗೋಡೆಯಾಗುತ್ತವೆ. ಶಾಲೆಯಲ್ಲಿ ಗಣಿತ ಯಾವ ಭಾಷೆಯಲ್ಲಿ ಕಲಿತಿದೆಯೋ ಅದನ್ನೇ ಹಾಕಿ.

ಒಂಬತ್ತನೇ ತರಗತಿಗೆ ಬಂದರೆ ಈ ಅನುಕೂಲ ಹೋಯಿತು. ಸೈನಿಕ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ: 150 ಪ್ರಶ್ನೆ, 400 ಅಂಕ, 3 ಗಂಟೆ, ಅರ್ಧ ಅಂಕ ಮತ್ತೆ ಗಣಿತಕ್ಕೆ. ಶ್ರೇಷ್ಠ ಯೋಜನೆಯ ಪ್ರವೇಶ ಪರೀಕ್ಷೆ ನೆಟ್ಸ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅದರಲ್ಲಿ 100 ಪ್ರಶ್ನೆಗೆ 3 ಗಂಟೆ, ಅಂದರೆ ಪ್ರಶ್ನೆಗೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ನಿಮಿಷ. ಗಣಿತ 30, ವಿಜ್ಞಾನ 20, ಸಮಾಜ ವಿಜ್ಞಾನ 25, ಸಾಮಾನ್ಯ ಜ್ಞಾನ 25. ವೇಗದ ಪರೀಕ್ಷೆ ಇದಲ್ಲ, ಪದಗಳ ಪರೀಕ್ಷೆ. ಘರ್ಷಣೆ, ದಹನ ಎಂದರೆ ಪಟ್ಟನೆ ಉತ್ತರಿಸುವ ಕನ್ನಡ ಮಾಧ್ಯಮದ ಹುಡುಗಿ ಫ್ರಿಕ್ಷನ್, ಕಂಬಶ್ಚನ್ ಕಂಡಾಗ ನಿಂತುಬಿಡುತ್ತಾಳೆ. ಎಂಟನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕ ಉಚಿತವಾಗಿ ಡೌನ್‌ಲೋಡ್ ಆಗುತ್ತದೆ. ಅದನ್ನೂ ಕನ್ನಡ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ಪಾಠಕ್ಕೆ ಹದಿನೈದು ಇಪ್ಪತ್ತು ಪದಗಳ ಎರಡು ಕಾಲಂ ನೋಟ್‌ಬುಕ್ ಮಾಡಿಸಿ.

ಇನ್ನು ದುಡ್ಡು. ನವೋದಯದಲ್ಲಿ ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಉಚಿತ. ಒಂಬತ್ತರಿಂದ ಮೇಲೆ ಕೆಲವರಿಗೆ ವಿಕಾಸ ನಿಧಿ ಎಂಬ ಶುಲ್ಕ ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಸೈನಿಕ ಶಾಲೆಯಲ್ಲಿ ಪಾಸಾದರೆ ಉಚಿತ ಎಂದುಕೊಳ್ಳುವುದು ದೊಡ್ಡ ತಪ್ಪು. ಅಲ್ಲಿ ಫೀಸು ಉಂಟು, ವಿದ್ಯಾರ್ಥಿವೇತನ ಬೇರೆ. ಖಾಸಗಿ ಸಹಭಾಗಿತ್ವದ ಹೊಸ ಸೈನಿಕ ಶಾಲೆಗಳಲ್ಲಿ ಅರ್ಹತೆ ಮತ್ತು ಆದಾಯ ನೋಡಿ ಅರ್ಧ ಫೀಸು ಸಿಗುತ್ತದೆ, ವರ್ಷಕ್ಕೆ 40,000 ರೂಪಾಯಿ ಮೀರದಂತೆ. ಅದೂ ತರಗತಿಯ ಎಲ್ಲರಿಗೂ ಅಲ್ಲ. ನಿಜವಾಗಿ ಖಾಸಗಿ ಶಾಲೆಯ ಪೂರ್ತಿ ಖರ್ಚು ಹೊರುವುದು ಶ್ರೇಷ್ಠ: ಒಂಬತ್ತನೇ ತರಗತಿಗೆ ವರ್ಷಕ್ಕೆ 1,00,000 ರೂಪಾಯಿವರೆಗೆ, ಹನ್ನೆರಡಕ್ಕೆ 1,35,000ವರೆಗೆ, ಹಾಸ್ಟೆಲ್ ಮೆಸ್ ಸೇರಿ, ನೇರ ಶಾಲೆಗೆ. ಆದರೆ ಅದು ಪರಿಶಿಷ್ಟ ಜಾತಿಯ, ಮನೆಯ ವಾರ್ಷಿಕ ಆದಾಯ 2.5 ಲಕ್ಷದೊಳಗಿನ ಮಕ್ಕಳಿಗಷ್ಟೇ. ಅರ್ಹತೆ ಇದ್ದರೆ ಎರಡನೇ ಯೋಚನೆ ಬೇಡ, ಮೊದಲು ಇದಕ್ಕೇ ಹಾಕಿ. ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನದಲ್ಲಿ ಈಗಾಗಲೇ ವರ್ಷಕ್ಕೆ 12,000 ಪಡೆಯುತ್ತಿರುವ ಮಗು ಖಾಸಗಿ ಶಾಲೆಗೆ ಹೋದರೆ ಆ ಹಣ ನಿಲ್ಲುತ್ತದೆ, ಲೆಕ್ಕದಲ್ಲಿಟ್ಟುಕೊಳ್ಳಿ.

ಕಾಗದಪತ್ರದಲ್ಲಿ ಕೆಡುವುದು ಎರಡು ಕಡೆ. ನಾಡಕಚೇರಿಯ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರಿನ ಒಂದೊಂದು ಅಕ್ಷರ ಕೂಡಿರಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ತಲೆನೋವು. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಪತ್ರ ನವೋದಯಕ್ಕೂ ಸೈನಿಕಕ್ಕೂ ನಡೆಯುವುದಿಲ್ಲ, ಕೇಂದ್ರದ ಒಬಿಸಿ ಪಟ್ಟಿಯದೇ ಬೇಕು. ನವೋದಯಕ್ಕೆ ಗ್ರಾಮೀಣ ಕೋಟಾ ಕೇಳುವುದಾದರೆ ಮೂರು, ನಾಲ್ಕು, ಐದು ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಆ ಪರೀಕ್ಷೆ ಎರಡನೇ ಸಲ ಬರೆಯಲು ಬಿಡುವುದಿಲ್ಲ.

ಮೂರರಲ್ಲೂ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಖಾಲಿ ಬಿಡುವುದು ದಡ್ಡತನ. ಆದರೆ ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯಲ್ಲಿ 17ನೇ ಪ್ರಶ್ನೆ ಬಿಟ್ಟು 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಮುಂದಿನದೆಲ್ಲ ಜಾರುತ್ತದೆ, ಬಾಲ್‌ಪೆನ್ನಿನ ಗುರುತು ಅಳಿಸಲೂ ಆಗದು. ಐದೈದು ಪ್ರಶ್ನೆಗೊಮ್ಮೆ ಪ್ರಶ್ನೆಸಂಖ್ಯೆಗೂ ಸಾಲಿನ ಸಂಖ್ಯೆಗೂ ಬೆರಳಿಟ್ಟು ತಾಳೆ ನೋಡುವುದನ್ನು ಮನೆಯ ಅಭ್ಯಾಸದಲ್ಲೇ ರೂಢಿ ಮಾಡಿಸಿ.