ಹೋರಸ್ ಹೆರೆಸಿ 35 ಪುಸ್ತಕ ಆದ್ಮೇಲೆ: ಮುಂದುವರಿಸ್ಬೇಕಾ, ಇಲ್ಲಿಗೇ ಬಿಡ್ಬೇಕಾ?

ವಾರ್‌ಹ್ಯಾಮರ್ 40,000 ಅನ್ನೋ ಯುದ್ಧದ ಗೇಮ್ ಲೋಕದ ಹೋರಸ್ ಹೆರೆಸಿ ಕಾದಂಬರಿ ಸರಣೀಲಿ 35ನೇ ಪುಸ್ತಕ ಮುಗೀತು. ಒಟ್ಟು 54 ಇದೆ, 2006ರಲ್ಲಿ ಶುರುವಾಗಿ 2019ರಲ್ಲಿ ಮುಗಿದಿದ್ದು, ಅದಾದ್ಮೇಲೆ ಕೊನೇ ಯುದ್ಧಕ್ಕೇ ಅಂತ ಸೀಜ್ ಆಫ್ ಟೆರ್ರಾ (ಟೆರ್ರಾ ಅಂದ್ರೆ ಭೂಮಿ) ಅನ್ನೋ ಇನ್ನೊಂದು ಸರಣಿ. ಬರೆದವರು ಒಬ್ರಲ್ಲ, ಡಜನ್‌ಗಿಂತ ಜಾಸ್ತಿ ಜನ. ವರ್ಷಗಟ್ಟಲೆ ಇದರ ಜೊತೆಗೇ ಇದೀನಿ, ಹಾಗಾಗಿ ಮುಂದುವರಿಸೋದಾ ಬಿಡೋದಾ ಅನ್ನೋದನ್ನ ಕೂತು ಯೋಚ್ನೆ ಮಾಡ್ಲೇಬೇಕಾಯ್ತು.

ಗೊತ್ತಿಲ್ದೋರಿಗೆ ಎರಡೇ ಮಾತಲ್ಲಿ ಕಥೆ ಹೇಳ್ತೀನಿ. ಮನುಷ್ಯರ ಚಕ್ರವರ್ತಿಗೆ ಪ್ರೈಮಾರ್ಕ್ ಅನ್ನೋ ಮಕ್ಕಳು, ಒಬ್ಬೊಬ್ರಿಗೂ ಒಂದೊಂದು ಲೀಜನ್, ಅಂದ್ರೆ ಸೈನ್ಯ, ಅವರಲ್ಲಿ ಅಪ್ಪನಿಗೆ ತುಂಬಾ ಇಷ್ಟವಾದ ಹೋರಸ್ಸೇ ತಿರುಗಿ ಬೀಳ್ತಾನೆ. ಕೊನೇಗೆ ಏನಾಗತ್ತೆ ಅಂತ ಆ ಗೇಮ್ ಗೊತ್ತಿರೋ ಎಲ್ರಿಗೂ ಮೊದಲೇ ಗೊತ್ತು. ಕುರುಕ್ಷೇತ್ರದಲ್ಲಿ ಯಾರು ಗೆಲ್ತಾರೆ ಅಂತ ಗೊತ್ತಿದ್ದೂ ರಾತ್ರಿಯಿಡೀ ಕೂತು ಕೇಳ್ತೀವಲ್ಲ, ಹಾಗೆ. ಅಂದ್ರೆ ಇಲ್ಲಿ ನಮ್ಮನ್ನ ಹಿಡಿದಿಡೋದು ಮುಂದೇನು ಅನ್ನೋ ಕುತೂಹಲ ಅಲ್ಲ, ಯಾರ ಕಣ್ಣಿಂದ ನೋಡ್ತಿದೀವಿ, ಯಾರು ಹೇಳ್ತಿದಾರೆ ಅನ್ನೋದು.

ಬೇರೆ ಬೇರೆ ಲೇಖಕರು ಬರೆದ್ರೆ ಏನ್ ಕಷ್ಟ ಅನ್ನೋದು ಮೊದಲ ಮೂರರಲ್ಲೇ ಕಾಣ್ಸತ್ತೆ. ಡ್ಯಾನ್ ಅಬ್ನೆಟ್ ಅವರ ಹೋರಸ್ ರೈಸಿಂಗ್‌ನಲ್ಲಿ ಲೋಕೆನ್ ಅನ್ನೋ ಕ್ಯಾಪ್ಟನ್ ತನ್ನ ಜೊತೆಗಾರನ ಮೈಮೇಲೆ ಏನೋ ಬಂದು ಸ್ವಂತ ತಂಡದವರನ್ನೇ ಕೊಲ್ಲೋದನ್ನ ನೋಡ್ತಾನೆ, ದೆವ್ವ ಭೂತ ಯಾವುದೂ ಇಲ್ಲ ಅಂತ ನಂಬಿ ಬೆಳೆದ ಸೈನಿಕ ಅವನು, ಕಣ್ಣಾರೆ ಕಂಡಿದ್ದಕ್ಕೆ ಏನಂತ ಹೆಸರಿಡ್ಬೇಕು ಅಂತ್ಲೇ ತಿಳಿಯಲ್ಲ, ಆ ಗಲಿಬಿಲಿಯನ್ನ ಅಬ್ನೆಟ್ ಅವಸರವೇ ಇಲ್ದೆ ಬೆಳೆಸ್ತಾರೆ. ಎರಡನೇ ಪುಸ್ತಕದಲ್ಲಿ ಲೇಖಕರು ಬದಲಾಗ್ತಾರೆ, ಹೋರಸ್ ಗಾಯಗೊಳ್ತಾನೆ, ಒಂದು ಕನಸಿನಂಥ ದರ್ಶನ ಆಗತ್ತೆ, ಎದ್ದಾಗ ಮನಸ್ಸೇ ತಿರುಗಿರತ್ತೆ. ಇಡೀ ಸರಣಿ ನಿಂತಿರೋದೇ ಆ ತಿರುವಿನ ಮೇಲೆ, ಅದಕ್ಕೆ ಕೊಟ್ಟ ಜಾಗ ಸಾಲ್ದು ಅಂತ ಇವತ್ತಿಗೂ ನನ್ನ ಅಭಿಪ್ರಾಯ.

ಆದ್ರೆ ಒಬ್ಬನೇ ಲೇಖಕ ಮಾಡೋಕಾಗದ ಕೆಲಸಾನೂ ಇಲ್ಲಿದೆ, ನಾನು ಇಷ್ಟು ದೂರ ಬಂದಿದ್ದೇ ಅದಕ್ಕೆ. 12ನೇ ಪುಸ್ತಕ ಎ ಥೌಸಂಡ್ ಸನ್ಸ್, ಗ್ರಹಾಂ ಮೆಕ್‌ನೀಲ್ ಬರೆದಿದ್ದು. 15ನೇದು ಪ್ರಾಸ್ಪೆರೋ ಬರ್ನ್ಸ್, ಅಬ್ನೆಟ್ ಅವರದು. ಎರಡೂ ಒಂದೇ ಗ್ರಹದ ನಾಶದ ಕಥೆ. ಮೊದಲನೇದರಲ್ಲಿ ಮ್ಯಾಗ್ನಸ್ ಅನ್ನೋ ಪ್ರೈಮಾರ್ಕ್ ಅಪ್ಪನಿಗೆ ಎಚ್ಚರಿಕೆ ಕೊಡೋಕೆ ಹೋಗಿ, ಬಳಸ್ಬೇಡ ಅಂದಿದ್ದ ಮಂತ್ರಶಕ್ತೀನೇ ಬಳಸಿ, ಅಪ್ಪ ಗುಟ್ಟಾಗಿ ಮಾಡ್ತಿದ್ದ ಕೆಲಸಾನ ಹಾಳು ಮಾಡ್ತಾನೆ, ಆಮೇಲೆ ತನ್ನ ಮೇಲೆ ಬರ್ತಿರೋ ನೌಕಾಪಡೆ ಸ್ವಂತ ಜನಕ್ಕೇ ಕಾಣದ ಹಾಗೆ ಮಾಡಿ ಸುಮ್ನೆ ಕೂರ್ತಾನೆ, ಓದ್ತಾ ಸಂಕಟ ಆಗತ್ತೆ. ಆಗ ದಾಳಿಗೆ ಬಂದ ಸ್ಪೇಸ್ ವುಲ್ವ್ಸ್ ಅನ್ನೋ ಲೀಜನ್‌ನವರು ಬರೀ ಕಾಡುಪ್ರಾಣಿಗಳ ಥರ ಕಾಣ್ತಾರೆ. ಎರಡನೇದರಲ್ಲಿ ಹಾಸರ್ ಅನ್ನೋ ವಿದ್ವಾಂಸ ಅದೇ ವುಲ್ವ್ಸ್ ಜೊತೆ ಅವರ ಕಥೆ ಹೇಳೋನಾಗಿ ಇರ್ತಾನೆ, ಅವನ ಜೊತೆ ಬೆಂಕಿ ಸುತ್ತ ಕೂತ್ಕೊಂಡ್ರೆ ನೀವು ಮುಂಚೆ ಮಾಡಿದ್ದ ತೀರ್ಪು ಅಲುಗಾಡತ್ತೆ. ಹೆಸರು ನೋಡಿ ಯುದ್ಧ ಜಾಸ್ತಿ ಇರತ್ತೆ ಅಂದ್ಕೊಂಡವರಿಗೆ ಬೇಜಾರಾಗಬಹುದು, ಗ್ರಹ ಸುಡೋದು ಕೊನೇ ಭಾಗದಲ್ಲಿ ಮಾತ್ರ. ನನಗಂತೂ ಈ ಜೋಡಿ ಇಡೀ ಸರಣಿಯ ಶಿಖರ.

19ನೇದು, ನೋ ನೋ ಫಿಯರ್ (Know No Fear), ಇನ್ನೊಂದು ಥರ. ಗಂಟೆ ನಿಮಿಷ ಹಾಕ್ಕೊಂಡು, ವರ್ತಮಾನ ಕಾಲದಲ್ಲಿ ಬರೆದಿದಾರೆ. ಕ್ಯಾಂಪನೈಲ್ ಅನ್ನೋ ಒಂದು ಸಾಮಾನ್ಯ ಸಾಗಾಣಿಕೆ ಹಡಗು ವೇಗ ಇಳಿಸ್ದೆ ಬಂದು ಕಕ್ಷೆಯಲ್ಲಿರೋ ಹಡಗುಕಟ್ಟೆಗೆ ನುಗ್ಗೋ ಪುಟಗಳನ್ನ ಉಸಿರು ಬಿಗಿ ಹಿಡಿದು ಓದಿದೆ.

ಹಾಗಿದ್ರೆ ಸುಸ್ತು ಯಾಕೆ? ಮಧ್ಯಭಾಗದಿಂದ. 31, 33, 35, 37, ಇವೆಲ್ಲ ಸಣ್ಣಕಥೆಗಳ ಸಂಕಲನ, ಮುಂಚೆ ಬೇರೆ ಬೇರೆ ಕಡೆ ಬಂದಿದ್ದನ್ನ ಒಟ್ಟು ಮಾಡಿರೋದು, ಕಾಲಕ್ರಮ ಹಿಂದೆ ಮುಂದೆ. ಮುಖ್ಯ ಕಥೆ ಒಂದು ಹೆಜ್ಜೆ ಇಡೋಷ್ಟರಲ್ಲಿ ನಾವು ನಾಲ್ಕು ಬೇರೆ ಲೀಜನ್‌ಗಳ ಮನೆ ಬಾಗಿಲಿಗೆ ಹೋಗಿ ಬಂದಿರ್ತೀವಿ. ಸತ್ತ ಅಂದ್ಕೊಂಡಿದ್ದ ಒಂದು ದೊಡ್ಡ ಪಾತ್ರ ವಾಪಸ್ ಬಂದಿದ್ದು ಮೊದಲು ಆಡಿಯೋ ಡ್ರಾಮಾದಲ್ಲಿ, ಬರೀ ಕಾದಂಬರಿ ಓದ್ಕೊಂಡು ಹೋಗೋರಿಗೆ ಇವನು ಯಾವಾಗ ಬಂದ ಅಂತ ಗೊತ್ತಾಗೋದಾದ್ರೂ ಹೇಗೆ, ಇದು ಓದುಗರಿಗೆ ಮಾಡಿದ ಅನ್ಯಾಯ ಅಂತ್ಲೇ ಅನ್ಸತ್ತೆ. ಸಂಕಲನ ಅಂದ್ರೆ ಎಲ್ಲಾ ಬಿಡಿ ಅಂತಲ್ಲ, 10ನೇದರಲ್ಲಿರೋ ಲಾಸ್ಟ್ ಚರ್ಚ್ ಕಥೆ ತಪ್ಪಿಸ್ಕೋಬೇಡಿ, ಭೂಮಿ ಮೇಲೆ ಉಳಿದಿರೋ ಕೊನೇ ಚರ್ಚಿನ ಮುದಿ ಪಾದ್ರಿಗೂ ರಾತ್ರಿ ಬಾಗಿಲು ತಟ್ಟಿದ ಅಪರಿಚಿತನಿಗೂ ನಡೆಯೋ ವಾದ ಅಷ್ಟೇ, ಗುಂಡಿಲ್ಲ ಗದ್ದಲ ಇಲ್ಲ, ಆದ್ರೂ ಚಕ್ರವರ್ತಿ ಎಂಥವನು ಅನ್ನೋದು ಅಷ್ಟರಲ್ಲೇ ಗೊತ್ತಾಗಿಬಿಡತ್ತೆ.

ನಾನು ಬಿಡ್ತಿಲ್ಲ. ಆದ್ರೆ ನಂಬರ್ ಪ್ರಕಾರ ಓದೋದನ್ನ ಇಲ್ಲಿಗೆ ನಿಲ್ಲಿಸ್ತಿದೀನಿ, ಇನ್ಮೇಲೆ ಲೇಖಕರ ಎಳೆ ಹಿಡಿದು ಹೋಗೋದು. ಇಷ್ಟು ಜನರ ನಡುವೆ ಒಬ್ಬೊಬ್ರು ಒಂದೊಂದು ಲೀಜನ್ನನ್ನ ತಮ್ಮದೇ ಮಾಡ್ಕೊಂಡಿದಾರೆ. ಕ್ರಿಸ್ ರೈಟ್ ಅವರ ಸ್ಕಾರ್ಸ್ ಇಷ್ಟ ಆಗಿತ್ತು, ಆ ಎಳೆ 36ನೇ ಪುಸ್ತಕ ಪಾತ್ ಆಫ್ ಹೆವೆನ್‌ಗೆ ಹೋಗಿ, ಸೀಜ್‌ನಲ್ಲಿ ವಾರ್‌ಹಾಕ್‌ವರೆಗೂ ಬರತ್ತೆ, ಮೊದಲು ಅದು. ಆರನ್ ಡೆಂಬ್ಸ್ಕಿ-ಬೌಡನ್ ಅವರ ಫಸ್ಟ್ ಹೆರೆಟಿಕ್, ಬಿಟ್ರೇಯರ್ ಎರಡರಲ್ಲೂ ದ್ರೋಹಿಗಳ ಮೇಲೇ ಕನಿಕರ ಹುಟ್ಟಿತ್ತು, ಹಾಗಾಗಿ 41ನೇದು ಮಾಸ್ಟರ್ ಆಫ್ ಮ್ಯಾನ್‌ಕೈಂಡ್ ಬಿಡೋ ಮಾತೇ ಇಲ್ಲ. ಜಾನ್ ಫ್ರೆಂಚ್ ಅವರ 39 ಮತ್ತು 51 ಕೂಡ ಪಟ್ಟೀಲಿದೆ.

ಈಗ ಶುರು ಮಾಡೋರಿಗೆ: ಮೊದಲ ಐದು ಸಾಲಾಗಿ ಓದಿ. 6ನೇದು ಇದ್ದಕ್ಕಿದ್ದ ಹಾಗೆ ಕ್ಯಾಲಿಬನ್ ಅನ್ನೋ ಬೇರೆ ಗ್ರಹದ ಹಳೇ ಕಥೆಗೆ ಹೋಗತ್ತೆ, ಅಲ್ಲಿ ಬೇಸರ ಬಂದ್ರೆ ಸರಣೀನೇ ಬಿಡ್ಬೇಡಿ, ಆ ಒಂದನ್ನ ದಾಟಿ 12 ಮತ್ತು 15 ಓದಿ. ಆ ಜೋಡಿಯೂ ನಾಟ್ಲಿಲ್ಲ ಅಂದ್ರೆ ಧಾರಾಳವಾಗಿ ಬಿಡಬಹುದು. ಸೀಜ್ ಆಫ್ ಟೆರ್ರಾ ಪುಸ್ತಕಗಳನ್ನ ಮಾತ್ರ ಹೀಗೆ ಆರಿಸಿ ಓದೋಕೆ ಹೋಗ್ಬೇಡಿ, ಅಲ್ಲಿ ಒಂದೇ ಮುತ್ತಿಗೆ ಪುಸ್ತಕದಿಂದ ಪುಸ್ತಕಕ್ಕೆ ಮುಂದುವರೀತಾ ಹೋಗತ್ತೆ, ನಡುವೆ ಒಂದು ಬಿಟ್ರೂ ಯಾವ ಗೋಡೆ ಬಿತ್ತು, ಯಾರು ಉಳಿದ್ರು ಅಂತ ತಿಳಿಯಲ್ಲ.