ಕ್ಯೋಟೋದ ಸದ್ದಿಲ್ಲದ ಆರು ಜಾಗಗಳು: ಕೂರಲು ಯಾವುದು, ನಡೆಯಲು ಯಾವುದು

ಕ್ಯೋಟೋದಲ್ಲಿ ಜನಜಂಗುಳಿ ಇಲ್ಲದ ಒಂದು ದೇವಸ್ಥಾನ ಹೇಳು, ಸುಮ್ನೆ ಅಡ್ಡಾಡಿ ಬರ್ತೀವಿ ಅಂತ ಯಾರಾದರೂ ಕೇಳಿದರೆ ನಾನೀಗ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ನಡೆಯಬೇಕಾ, ಕೂರಬೇಕಾ?

ಇದು ಗೊತ್ತಿಲ್ಲದೆ ಮೊದಲ ಸಲ ನಾನೇ ಪೆಚ್ಚಾಗಿದ್ದೆ. ಅಲ್ಲಿನ ಎಷ್ಟೋ ತೋಟಗಳೊಳಗೆ ಕಾಲಿಡುವ ಹಾಗೇ ಇಲ್ಲ. ಚಪ್ಪಲಿ ಬಿಟ್ಟು, ದುಡ್ಡು ಕೊಟ್ಟು, ಜಗಲಿಯ ಮೇಲೆ ಕೂತು ನೋಡಬೇಕು, ಅಷ್ಟೇ. ಗೆರೆ ಎಳೆದಿಟ್ಟ ಆ ಬಿಳಿ ಮರಳಿಗೆ ಕಾಲಿಟ್ಟರೆ ಆಗತಾನೇ ಹಾಕಿದ ರಂಗೋಲಿ ತುಳಿದಂತೆ. ಹಾಗಾಗಿ ನಡೆಯಲು ಹೋದವರಿಗೆ ಹತ್ತು ನಿಮಿಷದಲ್ಲಿ "ಇಷ್ಟೇನಾ?" ಅನ್ನಿಸುತ್ತದೆ. ಕೂರಲು ಹೋದವರು ಒಂದು ಗಂಟೆಯಾದರೂ ಏಳುವುದಿಲ್ಲ.

ನಾನಿರುವುದು ಟೋಕಿಯೋದಲ್ಲಿ. ಒಂದು ನವೆಂಬರಿನಲ್ಲಿ ಒಬ್ಬಳೇ ಹೋಗಿ ಬಂದಿದ್ದೆ. ಆಮೇಲೆ ಅಮ್ಮ ತೀರ್ಥಹಳ್ಳಿ ಕಡೆಯಿಂದ ಬಂದಾಗ, ಜೂನ್ ಮಳೆಯಲ್ಲಿ, ಅವರನ್ನು ಕರೆದುಕೊಂಡು ಮೂರು ದಿನ ಅದೇ ಜಾಗಗಳಿಗೆ ಹೋದೆ. ಅಮ್ಮನಿಗೆ ಮಂಡಿನೋವು, ಮೊಟ್ಟೆಯೂ ಮುಟ್ಟದ ಸಸ್ಯಾಹಾರ, ಜೊತೆಗೆ ಎಲ್ಲದಕ್ಕೂ ಒಂದು ಅಭಿಪ್ರಾಯ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯವರು ಸಿಗಲ್ಲ. ಚಿನ್ನದ ಕಿಂಕಾಕುಜಿ, ಕಿಯೋಮಿಜು, ಕೆಂಪು ಕಮಾನುಗಳ ಫುಶಿಮಿ ಇನಾರಿ ಇವನ್ನೆಲ್ಲ ಈ ಲೆಕ್ಕದಲ್ಲಿ ಸೇರಿಸಿಲ್ಲ. ಅಲ್ಲಿಗೆ ನೀವು ಹೇಗೂ ಹೋಗೇ ಹೋಗುತ್ತೀರಿ.

ಮೊದಲ ದಿನ ಬೆಳಗ್ಗೆ ಹೋನೆನ್-ಇನ್. ಚೆರ್ರಿ ಮರಗಳ ಕಾಲುವೆ ದಂಡೆಯ ದಾರಿ ಇದೆಯಲ್ಲ, "ತತ್ವಜ್ಞಾನಿಯ ದಾರಿ" ಅಂತ ಕರೆಯುತ್ತಾರೆ, ಅದರಿಂದ ಸ್ವಲ್ಪ ಮೇಲೆ ಹತ್ತಿದರೆ ಸಿಗುತ್ತದೆ. ಕೆಳಗಿನ ದಾರಿಯಲ್ಲಿ ಜನ ಸಾಲುಗಟ್ಟಿ ಹೋಗುತ್ತಿರುತ್ತಾರೆ, ಮೇಲಕ್ಕೆ ತಿರುಗುವವರು ಕಡಿಮೆ. ಆವರಣ ಬೆಳಗ್ಗೆ 6ಕ್ಕೇ ತೆರೆಯುತ್ತದೆ, ಟಿಕೆಟ್ ಇಲ್ಲ. ಹುಲ್ಲು ಹೊದಿಸಿದ ಬಾಗಿಲು, ಆ ಹುಲ್ಲಿನ ಮೇಲೂ ಪಾಚಿ. ಬಾಗಿಲು ದಾಟಿ ಮೆಟ್ಟಿಲಿಳಿದರೆ ದಾರಿಯ ಎರಡೂ ಪಕ್ಕ ಮರಳಿನ ಎರಡು ಕಟ್ಟೆಗಳು. ಮೇಲೆ ನೀರಿನ ಅಲೆಯಂಥ ಚಿತ್ತಾರ ಬಿಡಿಸಿರುತ್ತಾರೆ. ಅವುಗಳ ನಡುವೆ ಹಾದುಹೋದರೆ ಮೈಮನಸ್ಸು ಶುದ್ಧವಾದಂತೆ ಅಂತ ಹೇಳಿದೆ. "ಹಂಗಾರೆ ಕಾಲು ತೊಳೆಯೋ ಬದಲಿಗೆ ಇದು" ಅಂದರು ಅಮ್ಮ. ಅಷ್ಟು ಸಲೀಸಾಗಿ ನನಗೂ ವಿವರಿಸಲು ಬರುತ್ತಿರಲಿಲ್ಲ.

ಅಮ್ಮನಿಗೆ ಆದ ನಿರಾಸೆ ಒಂದೇ. ದೇವರು ಕಾಣಲಿಲ್ಲ. ಒಳಗಿನ ಕಟ್ಟಡಗಳನ್ನು ಏಪ್ರಿಲಿನಲ್ಲಿ ಒಂದು ವಾರ, ನವೆಂಬರಿನಲ್ಲಿ ಒಂದು ವಾರ ಮಾತ್ರ ತೆರೆಯುತ್ತಾರೆ. ಉಳಿದ ದಿನ ಹೊರಗಿನ ಮರ, ಕೊಳ, ಕಲ್ಲುಸೇತುವೆ, ಪಕ್ಕದ ಸ್ಮಶಾನ. ಸ್ಮಶಾನ ಅಂದ ಕೂಡಲೇ ಮುಖ ತಿರುಗಿಸಬೇಡಿ. ಕಾದಂಬರಿಕಾರ ತನಿಜಾಕಿ ಜುನ್‌ಇಚಿರೋ ಮಲಗಿರುವುದು ಇಲ್ಲೇ. ಒರಟು ಕಲ್ಲಿನ ಮೇಲೆ ಒಂದೇ ಅಕ್ಷರ, "ಜಾಕು". ನಿಶ್ಶಬ್ದ ಅಂತಲೂ ಓದಬಹುದು, ಒಂಟಿತನ ಅಂತಲೂ ಓದಬಹುದು. ನಡೆಯುವವರಿಗೆ ನನ್ನ ಮೊದಲ ಆಯ್ಕೆ ಇದೇ. ಆದರೆ ಜೂನ್‌ನಲ್ಲಿ ಹೋದರೆ ಸೊಳ್ಳೆಗಳಿಗೂ ನೀವೇ ಮೊದಲ ಆಯ್ಕೆ.

ಪಾಚಿಯ ವಿಷಯ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮೂರು ದಿನವೂ ನಮ್ಮಿಬ್ಬರ ಮಾತು ಅದರ ಸುತ್ತಲೇ. ನಮ್ಮೂರಲ್ಲಿ ಅದು ಹಾವಸೆ. ಮಳೆಗಾಲ ಶುರುವಾದರೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಳ್ಳಬಾರದು ಅಂತ ಅಮ್ಮ ಬ್ಲೀಚಿಂಗ್ ಪೌಡರ್ ಹಾಕಿ ಕೆರೆದು ಕೆರೆದು ತೆಗೆಯುತ್ತಾರೆ, ಓಡಾಡಲು ಅಡಿಕೆ ದಬ್ಬೆ ಹಾಸುತ್ತಾರೆ. ಇಲ್ಲಿ ನೋಡಿದರೆ ಕೆಲಸದವರು ಮಂಡಿಯೂರಿ ಕೂತು ಹಾವಸೆಯ ನಡುವಿನ ಕಳೆಯನ್ನು ಒಂದೊಂದಾಗಿ ಕೀಳುತ್ತಿದ್ದರು. "ಎಂಥ ಮಾರಾಯ್ತಿ, ಹಾವಸೆಗೆ ಕಳೆ ತೆಗೀತಾರಾ!" ಅಂತ ಅಮ್ಮ ಅಲ್ಲೇ ನಿಂತುಬಿಟ್ಟರು.

ಮಧ್ಯಾಹ್ನ ಮುರಿನ್-ಆನ್. ಇದು ದೇವಸ್ಥಾನ ಅಲ್ಲ, ಎರಡು ಸಲ ಪ್ರಧಾನಿಯಾಗಿದ್ದ ಯಮಗಾಟ ಅರಿತೊಮೊ ಕಟ್ಟಿಸಿಕೊಂಡ ಮನೆ ಮತ್ತು ತೋಟ. 1894ರಿಂದ 96ರೊಳಗೆ ಆಗಿದ್ದು. ತೋಟ ಮಾಡಿದವನು ತೋಟಗಾರರ ಮನೆತನದ ಏಳನೇ ಒಗಾವಾ ಜಿಹೇಯಿ. ವಿಸ್ತಾರ ನಮ್ಮ ಲೆಕ್ಕದಲ್ಲಿ ಮೂವತ್ತು ಗುಂಟೆ ಚಿಲ್ಲರೆ, ಅಷ್ಟೇ. ಆದರೆ ಎದುರಿನ ಹಿಗಾಶಿಯಾಮಾ ಬೆಟ್ಟವನ್ನೇ ತೋಟದ ಕೊನೆ ಅನ್ನುವ ಹಾಗೆ ಸೇರಿಸಿಕೊಂಡಿದ್ದಾರೆ, ಬೇಲಿ ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಬಿವಾ ಸರೋವರದಿಂದ ಕಾಲುವೆಯಲ್ಲಿ ತಂದ ನೀರು ಜಲಪಾತವಾಗಿ ಬಿದ್ದು, ಆಮೇಲೆ ಪಾದ ಮುಳುಗುವಷ್ಟೇ ಆಳದ ತೊರೆಯಾಗಿ ಹರಿಯುತ್ತದೆ. ಬೇರೆ ಕಡೆ ಕೂತು ನೋಡಿದ್ದನ್ನು ಇಲ್ಲಿ ನಡೆದು ನೋಡಬಹುದು. ಹತ್ತು ಹೆಜ್ಜೆಗೊಮ್ಮೆ ನೀರಿನ ಸದ್ದು ಬದಲಾಗುತ್ತದೆ. ಯಮಗಾಟನಿಗೆ ಪಾಚಿಗಿಂತ ಹುಲ್ಲುಹಾಸು ಬೇಕಿತ್ತಂತೆ, ಹಾಸಿಸಿದ್ದೂ ಅದನ್ನೇ. "ಬುದ್ಧಿವಂತ" ಅಂದರು ಅಮ್ಮ.

ಆವರಣದಲ್ಲೇ ಇಟ್ಟಿಗೆಯ ಒಂದು ಕಟ್ಟಡವಿದೆ. ಅದರ ಮಹಡಿಯಲ್ಲಿ 1903ರಲ್ಲಿ ನಾಲ್ಕು ದೊಡ್ಡ ತಲೆಗಳು ಕೂತು ರಷ್ಯಾದ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಮಾತಾಡಿದ್ದರು. ಮರುವರ್ಷ ಯುದ್ಧ. ಕೆಳಗೆ ಅದೇ ತೊರೆ ಗುಳುಗುಳು ಅನ್ನುತ್ತಿದ್ದಿರಬೇಕು. ಇಲ್ಲಿಗೆ ಮುಂಚೆಯೇ ಸಮಯ ಬುಕ್ ಮಾಡಿ ಹೋಗುವುದು ಒಳ್ಳೆಯದು.

ಎರಡನೇ ದಿನದ್ದು ನಿಜವಾದ ಜಟಾಪಟಿ. ಊರಿನ ಈಶಾನ್ಯಕ್ಕೆ ಇಚಿಜೋಜಿ ಅಂತ ಒಂದು ಬಡಾವಣೆ, ದೆಮಾಚಿಯಾನಗಿಯಿಂದ ಪುಟ್ಟ ಏಜಾನ್ ರೈಲಿನಲ್ಲಿ ಹೋಗಬೇಕು. ಅಲ್ಲಿ ಶಿಸೆಂದೋ ಮತ್ತು ಎಂಕೋಜಿ ಐದಾರು ನಿಮಿಷದ ನಡಿಗೆಯಷ್ಟು ಅಂತರದಲ್ಲಿವೆ. ಸ್ಟೇಷನ್ನಿನಿಂದ ದಾರಿ ಏರು, ಮಂಡಿನೋವಿನವರಿದ್ದರೆ ಟ್ಯಾಕ್ಸಿ ಹಿಡಿಯಿರಿ. ನಾವು ಹಿಡಿಯಲಿಲ್ಲ, ಬೈಸಿಕೊಂಡೆ.

ಶಿಸೆಂದೋ ಕಟ್ಟಿದ ಇಶಿಕಾವಾ ಜೋಜಾನ್ ಮೊದಲು ಸಮುರಾಯ್, ಜಪಾನನ್ನು ತನ್ನ ಹಿಡಿತಕ್ಕೆ ತಂದುಕೊಂಡ ಸೇನಾಧಿಪತಿ ತೊಕುಗಾವಾ ಇಯೆಯಾಸುವಿನ ಕೈಕೆಳಗೆ ಇದ್ದವನು. 1615ರ ಒಸಾಕಾ ಯುದ್ಧದಲ್ಲಿ ಅಪ್ಪಣೆ ಮೀರಿ ಮುನ್ನುಗ್ಗಿದ್ದಕ್ಕೆ ಕೆಲಸ ಹೋಯಿತು. ಆಮೇಲೆ ಓದು, ಕವಿತೆ ಅಂತ ಇದ್ದು, 1641ರಲ್ಲಿ, ಅರವತ್ತರ ಹತ್ತಿರ ಬಂದಾಗ, ಬೆಟ್ಟದ ಬುಡದಲ್ಲಿ ಈ ಮನೆ ಕಟ್ಟಿಕೊಂಡು ಸಾಯುವವರೆಗೆ ಇಲ್ಲೇ ಇದ್ದ. ಒಳಗೆ ಚೀನಾದ 36 ಕವಿಗಳ ಚಿತ್ರಗಳಿವೆ, ಹೆಸರು ಬಂದಿದ್ದೂ ಅದರಿಂದಲೇ. ನೋಡಿದರೆ ದೇವಸ್ಥಾನ ಅನ್ನಿಸುವುದಿಲ್ಲ, ಯಾರದೋ ಮನೆಗೆ ಹೋದ ಹಾಗೆ. ತೆರೆದ ಜಗಲಿ, ಮುಂದೆ ಬಿಳಿ ಮರಳು, ಅದರಾಚೆ ದುಂಡಗೆ ಕತ್ತರಿಸಿದ ಅಜೇಲಿಯಾ ಪೊದೆಗಳು. ನಾವು ಹೋದಾಗ ಕೊನೆಯ ಹೂಗಳು ಉಳಿದಿದ್ದವು.

ಎಲ್ಲೋ ಕೆಳಗಿನಿಂದ ಆಗಾಗ "ಟಕ್" ಅಂತ ಒಂದು ಸದ್ದು ಬರುತ್ತಿರುತ್ತದೆ. ಬಿದಿರಿನ ಕೊಳವೆಗೆ ನೀರು ತುಂಬುತ್ತದೆ, ಭಾರಕ್ಕೆ ಬಾಗಿ ನೀರು ಚೆಲ್ಲುತ್ತದೆ, ಹಗುರಾಗಿ ವಾಪಸ್ ಬಂದು ಕಲ್ಲಿಗೆ ಬಡಿಯುತ್ತದೆ. ತೋಟಕ್ಕೆ ನುಗ್ಗುವ ಜಿಂಕೆ, ಹಂದಿ ಓಡಿಸಲು ಇದ್ದ ಉಪಾಯ. ಅಮ್ಮನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಗದ್ದೆಗೆ ಹಂದಿ ಬರುತ್ತದೆ ಅಂತ ಅಜ್ಜ ರಾತ್ರಿಯೆಲ್ಲ ತಗಡಿನ ಡಬ್ಬ ಬಡಿಯುತ್ತಿದ್ದ ಕತೆ ಶುರುಮಾಡಿದರು. ಕತೆ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಪಕ್ಕದಲ್ಲಿ ಕೂತಿದ್ದ ಜಪಾನಿ ಅಜ್ಜಿ ಒಂದಕ್ಷರ ತಿಳಿಯದಿದ್ದರೂ ತಲೆಯಾಡಿಸುತ್ತಿದ್ದರು. ಇನ್ನೂ ಒಂದು ವಿಷಯ, ಇಲ್ಲಿ ಕೂತಾದ ಮೇಲೆ ಚಪ್ಪಲಿ ಹಾಕಿಕೊಂಡು ಕೆಳಗಿನ ತೋಟಕ್ಕೂ ಇಳಿಯಬಹುದು. ಎರಡೂ ಸಿಗುವ ಜಾಗ.

ಎಂಕೋಜಿಯಲ್ಲಿ ನೋಡುವುದು ಜಾಸ್ತಿ. ಇಯೆಯಾಸು 1601ರಲ್ಲಿ ಫುಶಿಮಿಯಲ್ಲಿ ಪಾಠಶಾಲೆಯಾಗಿ ಶುರುಮಾಡಿಸಿದ್ದು, 1667ರಲ್ಲಿ ಈ ಜಾಗಕ್ಕೆ ಬಂತು. ಆಗ ಪುಸ್ತಕ ಅಚ್ಚು ಹಾಕಲು ಬಳಸಿದ ಮರದ ಅಚ್ಚುಮೊಳೆಗಳನ್ನು ಇನ್ನೂ ಇಟ್ಟಿದ್ದಾರೆ. ಮುಂದೆ ಒಣ ಮರಳಿನ ತೋಟ, ಒಳಗೆ ಮೇಪಲ್ ಮರ ಮತ್ತು ಪಾಚಿಯ ತೋಟ, ಹಿಂದೆ ಬಿದಿರು ಮೆಳೆ, ಅದರ ಮೇಲೆ ಗುಡ್ಡ ಹತ್ತಿದರೆ ಊರು ಕಾಣುತ್ತದೆ. ನೆಲದಲ್ಲಿ ಬೋರಲು ಹೂತ ಮಡಕೆಯೊಳಗೆ ನೀರು ತೊಟ್ಟಿಕ್ಕುವುದನ್ನು ಬಿದಿರ ಕೊಳವೆಗೆ ಕಿವಿಯಿಟ್ಟು ಕೇಳಬಹುದು, ಜಲತರಂಗದ ಒಂದೊಂದೇ ಸ್ವರ ದೂರದಿಂದ ಬಂದ ಹಾಗೆ. ಸ್ಮಶಾನದಲ್ಲಿ ಒಂದು ಗೋರಿ ಮಾತ್ರ ಬೇರೆ ತರಹ ಇದೆ. ಮಲಯಾದಿಂದ (ಈಗಿನ ಮಲೇಷ್ಯಾ) ಓದಲು ಬಂದು ಹಿರೋಶಿಮಾದಲ್ಲಿ ಬಾಂಬಿಗೆ ಸಿಕ್ಕಿ, 1945ರ ಸೆಪ್ಟೆಂಬರಿನಲ್ಲಿ ಕ್ಯೋಟೋದಲ್ಲಿ ತೀರಿಕೊಂಡ ಸೈಯದ್ ಒಮರ್ ಎಂಬ ಹುಡುಗನದು. ಬುದ್ಧನ ಗುಡಿಯ ಗುಡ್ಡದಲ್ಲಿ ಒಬ್ಬ ಮುಸ್ಲಿಂ ಹುಡುಗ. ಎರಡು ಸಲ ಹೋದಾಗಲೂ ನಾನು ಎಂಕೋಜಿಯಲ್ಲಿ ಹೆಚ್ಚು ಹೊತ್ತು ನಿಂತಿದ್ದು ಅಲ್ಲೇ.

ಎಲೆ ಕೆಂಪಾಗುವ ನವೆಂಬರಿನಲ್ಲಿ ಎಂಕೋಜಿ ಸದ್ದಿಲ್ಲದ ಜಾಗವಲ್ಲ, ಬುಕಿಂಗ್ ಬೇಕಾಗುವಷ್ಟು ಜನ. ಜೂನ್ ಮಳೆಯಲ್ಲಿ ಹೋದಾಗ ನಾವು ಮತ್ತು ಇನ್ನೊಂದು ಜೋಡಿ, ಅಷ್ಟೇ. ತಿಂಗಳು ಬದಲಾದರೆ ಇಲ್ಲಿ ದೇವಸ್ಥಾನವೇ ಬದಲಾಗುತ್ತದೆ. ಹಾಗಾಗಿ ಶಿಸೆಂದೋ, ಎಂಕೋಜಿ ಎರಡರಲ್ಲಿ ಒಂದೇ ಅಂದರೆ ನವೆಂಬರಿಗೆ ಮೊದಲನೆಯದು, ಮಳೆಯ ವಾರಕ್ಕೆ ಎರಡನೆಯದು. ಕಾಲು ಗಟ್ಟಿ ಇರಬೇಕು ಅನ್ನುವುದು ಬೇರೆ ಮಾತು. ಅಮ್ಮ ಬಿದಿರು ಮೆಳೆಯ ಹತ್ತಿರವೇ "ನೀ ಹೋಗಿ ಬಾ" ಅಂದುಬಿಟ್ಟರು.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಇಚಿಜೋಜಿ ರಾಮೆನ್‌ಗೆ, ಅಂದರೆ ಮಾಂಸದ ಸಾರಿನ ನೂಡಲ್ಸ್‌ಗೆ ಹೆಸರುವಾಸಿ, ಹಾಗಾಗಿ ನಮ್ಮಂಥವರಿಗೆ ಅಲ್ಲಿ ಬರೀ ವಾಸನೆ. ಬೇರೆ ಅಡುಗೆಯಲ್ಲೂ ಕಾಣಲು ಬರೀ ತರಕಾರಿ ಇದ್ದರೂ ಸಾರಿನಲ್ಲಿ ಹೆಚ್ಚಾಗಿ ಮೀನು ಇರುತ್ತದೆ. ಅಂಗಡಿಯಲ್ಲಿ ಸಿಗುವ ಉಮೆ ಒನಿಗಿರಿ, ಅಂದರೆ ಹುಳಿ-ಉಪ್ಪಿನ ಹಣ್ಣು ಇಟ್ಟ ಅನ್ನದ ಉಂಡೆ, ಅಮ್ಮನಿಗೆ ಉಪ್ಪಿನಕಾಯಿ ಅನ್ನದ ಹಾಗೆ ಒಗ್ಗಿತು. ಅದರ ಪೊಟ್ಟಣದ ಹಿಂದೆ ಬರೆದಿದ್ದನ್ನೂ ಓದಿಯೇ ಕೊಂಡೆ. ದೇವಸ್ಥಾನದ ಒಳಗೆ ಕೂತು ತಿನ್ನಬೇಡಿ.

ಕೊನೆಯ ದಿನ ಬರೀ ಕೂರುವ ಎರಡು ಜಾಗ. ಕೋಮ್ಯೋ-ಇನ್ ಇರುವುದು ತೋಫುಕುಜಿಯ ಪಕ್ಕ, ಕ್ಯೋಟೋ ಸ್ಟೇಷನ್ನಿನಿಂದ ರೈಲಿನಲ್ಲಿ ಒಂದೇ ನಿಲ್ದಾಣ, ಆಮೇಲೆ ಸ್ವಲ್ಪ ನಡಿಗೆ. ದೊಡ್ಡ ದೇವಸ್ಥಾನಕ್ಕೆ ಎಲ್ಲರೂ ಹೋಗುತ್ತಾರೆ, ಈ ಚಿಕ್ಕದಕ್ಕೆ ಬರುವುದಿಲ್ಲ. ನಾವು ಹೋದಾಗ ಬಾಗಿಲಲ್ಲಿ ಟಿಕೆಟ್ ಕೊಡುವವರೇ ಇರಲಿಲ್ಲ. ಬಿದಿರಿನ ಕೊಳವೆಗೆ ಚಿಲ್ಲರೆ ಹಾಕಿ ಒಳಗೆ ಹೋಗುವುದು, ಹಾಗಾಗಿ ನಾಣ್ಯ ಇಟ್ಟುಕೊಂಡಿರಿ. 1939ರಲ್ಲಿ ಶಿಗೆಮೊರಿ ಮಿರೇಯಿ ಮಾಡಿದ ತೋಟ. ಬಿಳಿ ಮರಳು, ಅದರ ಸುತ್ತ ದಡದಂತೆ ಪಾಚಿ, ನಡುನಡುವೆ ನೆಟ್ಟಗೆ ನಿಂತ ಕಲ್ಲುಗಳು. ಅಮ್ಮ ಮಂಡಿ ಚಾಚಿ, ಕಂಬಕ್ಕೆ ಒರಗಿ, ಒಂದು ನಿದ್ದೆಯನ್ನೂ ತೆಗೆದರು. ಮಳೆ ಬರುತ್ತಿತ್ತು, ಪಾಚಿ ಹೊಳೆಯುತ್ತಿತ್ತು. ಎದ್ದವರೇ "ಇದನ್ನ ಕೆರೀಬಾರ್ದು ಬಿಡು" ಅಂದರು.

ಶೋದೆಂಜಿ ಊರಿನ ಉತ್ತರದ ಅಂಚಿನಲ್ಲಿದೆ. ಬಸ್ಸಿಳಿದು ಮನೆಗಳ ನಡುವೆ ಹದಿನೈದು ನಿಮಿಷ ನಡೆದು, ಆಮೇಲೆ ಕಾಡಿನೊಳಗಿನ ಮೆಟ್ಟಿಲು. ಆರರಲ್ಲಿ ಅತಿ ದೂರ, ಅತಿ ನಿಶ್ಶಬ್ದ. ಇಲ್ಲಿ ಮರಳಿನ ಮೇಲೆ ಕಲ್ಲೇ ಇಲ್ಲ. ಏಳು, ಐದು, ಮೂರರ ಲೆಕ್ಕದಲ್ಲಿ ಅಜೇಲಿಯಾ ಪೊದೆಗಳು, ಹಿಂದೆ ತಗ್ಗಿನ ಬಿಳಿ ಗೋಡೆ, ಗೋಡೆಯಾಚೆ ದೂರದಲ್ಲಿ ಹಿಯೇಯಿ ಬೆಟ್ಟ. ಹಾಡುಗಾರ ಡೇವಿಡ್ ಬೋವಿ ಒಂದು ಜಾಹೀರಾತಿಗಾಗಿ ಈ ತೋಟದ ಮುಂದೆ ಕೂತಿದ್ದ. ನವೆಂಬರಿನಲ್ಲಿ ನಾನು ಒಬ್ಬಳೇ ಆ ಜಗಲಿಯಲ್ಲಿ ಕೂತಿದ್ದೆ, ಬೆಟ್ಟ ಅಷ್ಟು ಸ್ಪಷ್ಟ, ಅದನ್ನು ಎತ್ತಿ ತಂದು ಗೋಡೆಯ ಮೇಲೆ ಇಟ್ಟಿದ್ದಾರೆ ಅನ್ನಿಸುವಷ್ಟು. ಜೂನ್‌ನಲ್ಲಿ ಅಮ್ಮನಿಗೆ ಕಂಡಿದ್ದು ಬರೀ ಮೋಡ. "ಎಲ್ಲೇ ನಿನ್ ಗುಡ್ಡ?" ಅಂತ ಮೂರು ಸಲ ಕೇಳಿದರು.

ತಲೆಯ ಮೇಲಿನ ಹಲಗೆಗಳ ವಿಷಯ ನಾನು ಬಾಯಿ ಬಿಡಲಿಲ್ಲ. 1600ರಲ್ಲಿ ಫುಶಿಮಿ ಕೋಟೆ ಬಿದ್ದಾಗ ಅದನ್ನು ಕಾಯುತ್ತಿದ್ದ ಇಯೆಯಾಸುವಿನ ಸೇನಾನಿ ತೊರಿಯಿ ಮೊತೊತದಾ ಮತ್ತು ಅವನ ಜನ ಸತ್ತ ನೆಲದ ಹಲಗೆಗಳವು. ರಕ್ತದ ಕಲೆ ಇರುವುದನ್ನು ಯಾರೂ ತುಳಿಯಬಾರದು ಅಂತ ಕೆಲವು ದೇವಸ್ಥಾನಗಳಲ್ಲಿ ಚಾವಣಿಗೆ ಹಾಕಿದ್ದಾರೆ. ಬಸ್ಸಿನಲ್ಲಿ ವಾಪಸ್ ಬರುವಾಗ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೋಟ್ಲಿಗೆ ಹೋದ ಕೂಡ್ಲೇ ಸ್ನಾನ ಮಾಡ್ಬೇಕು" ಅಂದರು.

ಅಮ್ಮನ ಓಟು ಶಿಸೆಂದೋಗೆ. ಹಂದಿ ಓಡಿಸುವ ಬಿದಿರು, ಮನೆಯಂಥ ಮನೆ, ಎದುರಿಗೇ ಹೂವು. ನನ್ನದು ಶೋದೆಂಜಿ, ಆದರೆ ಮೋಡವಿಲ್ಲದ ದಿನ ಮಾತ್ರ. ಬೆಳಗ್ಗೆ ಎದ್ದು ಕಿಟಕಿಯಿಂದ ನೋಡಿ, ಈಶಾನ್ಯದ ಹಿಯೇಯಿ ಬೆಟ್ಟ ಕಾಣುತ್ತಿದ್ದರೆ ಹೊರಡಿ. ಕಾಣದಿದ್ದರೆ ಕೋಮ್ಯೋ-ಇನ್‌ಗೆ ಹೋಗಿ ಕಂಬಕ್ಕೆ ಒರಗಿ.