ಸ್ಟುಡಿಯೋ ಹೆಡ್‌ಫೋನ್ ಕೊಳ್ಳೋರೇ, 'ಬರ್ನ್-ಇನ್' ಅಂದರೆ ಹುಷಾರು

ಬೆಂಗಳೂರಿನ ಎಸ್‌ಪಿ ರಸ್ತೆ ಕಡೆ ಹೆಡ್‌ಫೋನ್ ಕೊಳ್ಳೋಕೆ ಹೊರಟಿದ್ದೀರಾ? ಇದನ್ನು ಓದಿ ಹೋಗಿ.

ಸೋನಿ ಎಂಡಿಆರ್-7506 ಗೊತ್ತಲ್ವಾ? 1991ರಿಂದ ಸ್ಟುಡಿಯೋಗಳಲ್ಲಿ ಓಡುತ್ತಿರುವ, ನೀಲಿ ಪಟ್ಟಿಯ, ಸುರುಳಿ ವೈರಿನ ಹೆಡ್‌ಫೋನ್. ಹೆಸರಿದೆ, ಹಾಗಾಗಿ ನಕಲಿಯೂ ಇದೆ. ನನ್ನ ತಲೆಗೆ ಕಟ್ಟಿದ್ದು ಆ ನಕಲಿಯನ್ನೇ. ಡಬ್ಬ, ಸ್ಟಿಕ್ಕರ್ ಎಲ್ಲಾ ಪಕ್ಕಾ!

ಹಾಕಿಕೊಂಡ ದಿನವೇ ಬಾಸ್, ಅಂದರೆ ದಪ್ಪ ದನಿ, ಧಬಧಬ ಅಂತಿತ್ತು. ಈ ಮಾಡೆಲ್ ಹಾಗಿರಲ್ಲ, ಇದರದ್ದು ಸ್ವಲ್ಪ ಚೂಪು ದನಿ. ಅಂಗಡಿಗೆ ಫೋನ್ ಮಾಡಿದೆ. "ಹೊಸದಲ್ವಾ ಸಾರ್, ಬರ್ನ್-ಇನ್ ಆಗ್ಬೇಕು. ಒಂದು ವಾರ ರಾತ್ರಿಯೆಲ್ಲಾ ಹಾಡು ಹಾಕಿ ಬಿಡಿ, ಸೆಟ್ ಆಗುತ್ತೆ."

ಬಿಟ್ಟೆ. ಅದರಲ್ಲೇ ಒಂದು ಭಾವಗೀತೆ ಮಿಕ್ಸ್ ಮಾಡಿದೆ. ಕಿವಿ ತುಂಬಾ ಬಾಸ್ ಬರ್ತಿದ್ದರಿಂದ ತಬಲಾ ಜೋಡಿಯಲ್ಲಿ ದಪ್ಪ ದನಿ ಕೊಡುವ ಡಗ್ಗಾ ತಗ್ಗಿಸಿದ್ದೆ. ಹಾಡಿದವರು ಕಾರಿನಲ್ಲಿ ಹಾಕಿ ಕೇಳಿ, "ಏನ್ ಸಾರ್, ತಬಲಾ ತಗಡು ಬಡಿದ ಹಾಗಿದೆಯಲ್ಲ" ಅಂದರು. ದುಡ್ಡು ಹೋಗಿದ್ದಕ್ಕಿಂತ ಆ ಮಾತಿಗೇ ಜಾಸ್ತಿ ನಾಚಿಕೆಯಾಯ್ತು.

ಮೈಕ್ ಸೆಟ್ ರಿಪೇರಿ ಮಾಡುವ ಪರಿಚಯದವರ ಹತ್ತಿರ ಒಯ್ದೆ. ಮೊದಲು ಪಿನ್ ನೋಡಿದರು. ಅಸಲಿಯಲ್ಲಿ ದಪ್ಪ ಪಿನ್ನಿನ ಅಡಾಪ್ಟರ್ ಸ್ಕ್ರೂ ಥರ ತಿರುಗಿಸಿ ಕೂರಿಸುವಂಥದ್ದು. ನನ್ನದು ಸುಮ್ನೆ ಎಳೆದರೆ ಕೈಗೆ ಬಂತು. ಆಮೇಲೆ ಮಲ್ಟಿಮೀಟರ್ ಹಿಡಿದರು. ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಈ ಮಾಡೆಲ್ 63 ಓಮ್‌ನದು, ಮೀಟರ್ ಅದರ ಹತ್ತಿರ ತೋರಿಸಬೇಕು. ಮುಳ್ಳು 30ರ ಆಸುಪಾಸಿನಲ್ಲೇ ನಿಂತಿತು. ನಕ್ಕುಬಿಟ್ಟರು.

ಅಂಗಡಿಗೆ ಹೋದೆ. "ವಾರ ದಾಟಿತಲ್ಲ ಸಾರ್, ಎಕ್ಸ್‌ಚೇಂಜ್ ಟೈಮ್ ಮುಗೀತು."

ಆಗ ಹೊಳೆಯಿತು. ಎಕ್ಸ್‌ಚೇಂಜ್‌ಗೆ ಒಂದು ವಾರ. ಬರ್ನ್-ಇನ್‌ಗೂ ಒಂದೇ ವಾರ! ಎಲ್ಲಾ ಲೆಕ್ಕ ಹಾಕಿಯೇ ಹೇಳಿದ್ದು. ಒಂದು ವಾರ ಅಂತೆ! ಅಡಾಪ್ಟರ್ ತೋರಿಸಿದರೆ "ಇದು ಹೊಸ ಬ್ಯಾಚ್" ಅಂದ. ಓಮ್ ವಿಷಯ ಎತ್ತಿದರೆ "ನಿಮ್ಮ ಮೀಟರ್ ಸರಿ ಇಲ್ಲ" ಅಂದ. ಬಾಸ್ ಬಗ್ಗೆ ಕೇಳಿದರೆ, "ಬಾಸ್ ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವಾ? ಜನ ಅದಕ್ಕೇ ದುಡ್ಡು ಕೊಡೋದು." ಪಕ್ಕದಲ್ಲಿದ್ದ ಹುಡುಗ ಕಿಸಕ್ಕಂತ ನಕ್ಕ. ಮೈ ಉರಿದುಹೋಯ್ತು. ಬಿಲ್ ಅಂತ ಕೊಟ್ಟಿದ್ದು 'ಎಸ್ಟಿಮೇಟ್' ಚೀಟಿ. ಅದರಲ್ಲಿ 'ಹೆಡ್‌ಫೋನ್ 1' ಅಂತ ಬರೆದಿದೆ, ಅಷ್ಟೇ. ಮಾಡೆಲ್ ಇಲ್ಲ, ಅಂಗಡಿ ಹೆಸರೂ ಇಲ್ಲ.

ಮಿಕ್ಸಿಂಗ್‌ಗೆ ಕೊಳ್ಳೋರು ಮಾಡೆಲ್ ಹೆಸರು ಬರೆದ ಜಿಎಸ್‌ಟಿ ಬಿಲ್ ಕೇಳಿ, ಕೊಡಲ್ಲ ಅಂದರೆ ಹೊರಟುಬಿಡಿ. ಅವರ ಬಾಸ್ ಡೆಮೋ ಬೇಡ, ನಿಮಗೆ ಬಾಯಿಪಾಠ ಆಗಿರೋ ಹಾಡನ್ನು ಅಂಗಡಿಯಲ್ಲೇ ಹಾಕಿ ಕೇಳಿ. ಓಮ್ ಎಷ್ಟು ಅಂತಲೂ ನೋಡಿ, 250 ಓಮ್‌ನದು ತಂದರೆ ಮೊಬೈಲಿಗೆ ಚುಚ್ಚಿದಾಗ ಸದ್ದೇ ಸಾಲಲ್ಲ. ಮೊದಲ ದಿನ ಸರಿ ಕೇಳಿಸಲಿಲ್ವಾ? ಅವತ್ತೇ ವಾಪಸ್ ಮಾಡಿ. ಬರ್ನ್-ಇನ್ ಅಂತ ಶುರು ಮಾಡಿದರೆ ಮಾತೇ ಬೆಳೆಸಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ ಅಂತೂ ಇಲ್ಲ, ಯುಪಿಐ ಪಾವತಿಯ ಸ್ಕ್ರೀನ್‌ಶಾಟೇ ಗತಿ.